ಆಲ್ಬರ್ಟ್ ಕ್ಯಾಶಿಯರ್ ನಾಟಕ: ಕೋವಿ ಸರಿ ಇತ್ತು, ಬ್ಯಾಂಜೊ ಜಾಸ್ತಿ ಆಯ್ತು

ಮಿಲಿಟ್ರಿಯಿಂದ ರಿಟೈರ್ ಆದವನು ನಾನು. ಯುದ್ಧದ ನಾಟಕ ಅಂದರೆ ಮೊದಲು ನೋಡುವುದೇ ಪಾತ್ರಧಾರಿ ಬಂದೂಕು ಹೇಗೆ ಹಿಡಿದಿದ್ದಾನೆ ಅಂತ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿರುವ ಮಗಳು ಟಿಕೆಟ್ ಮಾಡಿಸಿ, ‘ಅಪ್ಪಾ, ನಿಮಗೆ ಇಷ್ಟ ಆಗತ್ತೆ ಬನ್ನಿ’ ಅಂತ ಕರೆದುಕೊಂಡು ಹೋದಳು. ಚಿಕ್ಕ ಹಾಲ್, ಊರಿನವರೇ ಸೇರಿ ಆಡುವ ನಾಟಕ.

ಕಥೆ ನಿಜ, ಇದೇ ರಾಜ್ಯದ್ದು. 1843ರಲ್ಲಿ ಐರ್ಲೆಂಡಿನಲ್ಲಿ ಹೆಣ್ಣಾಗಿ ಹುಟ್ಟಿದ ಜೀವ. 1862ರಲ್ಲಿ ಬೆಲ್ವಿಡಿಯರ್ ಊರಿನಲ್ಲಿ ಆಲ್ಬರ್ಟ್ ಕ್ಯಾಶಿಯರ್ ಅಂತ ಹೆಸರು ಬರೆಸಿ 95ನೇ ಇಲಿನಾಯ್ ಪಡೆಗೆ ಸೇರಿದ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಕೈಯಲ್ಲಿದ್ದ ವಿಕ್ಸ್‌ಬರ್ಗ್ ಊರಿನ ಮುತ್ತಿಗೆಯಲ್ಲೂ ಇದ್ದ. ಯುದ್ಧ ಮುಗಿದ ಮೇಲೂ ಗಂಡಸಾಗಿಯೇ ಬದುಕಿದ. ಸಾನಮಿನ್ ಅನ್ನುವ ಹಳ್ಳಿಯಲ್ಲಿ ಹೊಲದ ಕೂಲಿ, ಚರ್ಚಿನ ಕಸ ಗುಡಿಸುವುದು, ಬೀದಿದೀಪ ಹಚ್ಚುವುದು. ಹೆಂಗಸರಿಗೆ ಓಟಿಲ್ಲದ ಕಾಲದಲ್ಲಿ ಓಟೂ ಹಾಕಿದ.

ಕೋವಿ ವಿಷಯಕ್ಕೆ ಪೂರ್ತಿ ಮಾರ್ಕ್ಸ್. ನಮ್ಮ ಮಲೆನಾಡಿನ ಕೇಪಿನ ಕೋವಿಯ ಜಾತಿಯದ್ದೇ. ಆಲ್ಬರ್ಟ್ ಪಾತ್ರದ ಹುಡುಗ ಕಾಗದದ ತೋಟಾ ಹಲ್ಲಲ್ಲಿ ಕಚ್ಚಿ ಹರಿದು, ಮದ್ದು ಸುರಿದು, ಗುಂಡು ಬಿಟ್ಟು, ಗಜ ಹಾಕಿ ಜಡಿದು, ಕೇಪು ಕೂರಿಸಿದ. ಒಂದೂ ತಪ್ಪಿಲ್ಲ. ತುಟಿಗೆ ಕಪ್ಪು ಮದ್ದು ಮೆತ್ತಿಕೊಂಡಿತ್ತು. ಅದನ್ನು ಒರೆಸಿಕೊಳ್ಳದೆ ಮುಂದಿನ ಮಾತು ಆಡಿದ ನೋಡಿ, ಅದು ಸಿಪಾಯಿ.

ಆದರೆ ಮೊದಲರ್ಧ ಪೂರ್ತಿ ಎದೆಗೆ ಬಟ್ಟೆ ಕಟ್ಟುವುದು, ಸ್ನಾನ ತಪ್ಪಿಸುವುದು, ಯಾರಾದರೂ ನೋಡಿಬಿಟ್ಟರೆ ಅನ್ನುವ ಗಾಬರಿ. ಅತಿಯಾಯಿತು. ಲೈನಿನಲ್ಲಿ ಪಕ್ಕದವನ ಮೈ ಯಾರಿಗೆ ಬೇಕು ಸ್ವಾಮಿ? ಮಾರ್ಚ್‌ನಲ್ಲಿ ಹಿಂದೆ ಬೀಳುತ್ತಾನಾ, ರಾತ್ರಿ ಪಹರೆಯಲ್ಲಿ ನಿದ್ದೆ ಮಾಡುತ್ತಾನಾ, ಅಷ್ಟೇ ಅಲ್ವಾ ನಾವು ನೋಡುವುದು. ವಿಕ್ಸ್‌ಬರ್ಗ್‌ನಲ್ಲಿ ಶತ್ರುವಿನ ಕೈಗೆ ಸಿಕ್ಕ ಆಲ್ಬರ್ಟ್ ಕಾವಲುಗಾರನ ಬಂದೂಕು ಕಿತ್ತುಕೊಂಡು ಓಡಿ ಬಂದನಂತೆ. ಅದನ್ನು ಒಂದು ಹಾಡಿನಲ್ಲಿ ಮುಗಿಸಿಬಿಟ್ಟಿದ್ದಾರೆ! ಬ್ಯಾಂಜೊ ಬೇರೆ ನಿಲ್ಲುವುದೇ ಇಲ್ಲ.

ಎರಡನೇ ಅರ್ಧಕ್ಕೆ ಹೋಗಲೇಬೇಕು. 1911ರಲ್ಲಿ ಒಬ್ಬ ಸೆನೆಟರ್‌ನ ಕಾರು ಬಡಿದು ಆಲ್ಬರ್ಟ್‌ನ ಕಾಲು ಮುರಿಯುತ್ತದೆ. ಡಾಕ್ಟರಿಗೆ ಗುಟ್ಟು ಗೊತ್ತಾದರೂ ಬಾಯಿ ಬಿಡುವುದಿಲ್ಲ. ಆಮೇಲೆ ಹುಚ್ಚಾಸ್ಪತ್ರೆಗೆ ಸೇರಿಸಿ, ಬಲವಂತವಾಗಿ ಲಂಗ ಉಡಿಸುತ್ತಾರೆ. ಮುದುಕನ ಪಾತ್ರದವರು ಮಾತಿಲ್ಲದೆ ಆ ಲಂಗವನ್ನು ಕಾಲುಗಳ ನಡುವೆ ಒಟ್ಟು ಮಾಡಿ, ಪಿನ್ನು ಚುಚ್ಚಿ ಪ್ಯಾಂಟಿನ ಹಾಗೆ ಮಾಡಿಕೊಳ್ಳುತ್ತಾರೆ. ಕೈ ನಡುಗಿ ಪಿನ್ನು ಬಿದ್ದು ಹೋಗುತ್ತದೆ, ಮತ್ತೆ ಹುಡುಕುತ್ತಾರೆ. ಯಾರೂ ಅವಸರ ಮಾಡುವುದಿಲ್ಲ.

ಅಷ್ಟರಲ್ಲಿ ಪೆನ್ಶನ್ ಆಫೀಸಿಗೆ ಅನುಮಾನ: ಇದು ಮೋಸವಾ? ಪೆನ್ಶನ್ ಕಾಗದಕ್ಕೆ ಅಲೆದವರಿಗೆ ಈ ಸೀನಿನ ಬಿಸಿ ತಟ್ಟುತ್ತದೆ. ಹಳೆಯ ಜೊತೆಗಾರರು ಒಬ್ಬೊಬ್ಬರಾಗಿ ಬಂದು, ‘ಹೌದು, ನಮ್ಮ ಜೊತೆ ಇದ್ದವನು ಇವನೇ’ ಅಂತ ಸಾಕ್ಷಿ ಹೇಳುತ್ತಾರೆ. ಪೆನ್ಶನ್ ಉಳಿಯಿತು. 1915ರಲ್ಲಿ ತೀರಿಕೊಂಡಾಗ ಯೂನಿಫಾರ್ಮಿನಲ್ಲೇ ಮಣ್ಣು ಮಾಡಿದರು. ಇದಿಷ್ಟೂ ದಾಖಲೆಯಲ್ಲಿರುವುದು, ನಾಟಕದವರು ಕಟ್ಟಿದ್ದಲ್ಲ.

ಇಲ್ಲಿರುವ ಕನ್ನಡದವರು ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿ. ಐರಿಷ್ ಉಚ್ಚಾರ ಸ್ವಲ್ಪ ಕಷ್ಟ, ಕಥೆ ಮೊದಲೇ ಹೇಳಿಡಿ. ಮುಂದಿನ ಸಾಲು ಮಾತ್ರ ತೆಗೆದುಕೊಳ್ಳಬೇಡಿ, ಫಿರಂಗಿ ಸೀನಿನ ಹೊಗೆಗೆ ನನಗೆ ಇಂಟರ್ವಲ್‌ವರೆಗೂ ಕೆಮ್ಮು.