ಮೈಸೂರು ಝೂಗೆ ಹೋಗುವವರೇ, ದಾರಿಯಲ್ಲಿ ಯಾರಾದರೂ ‘ಇವತ್ತು ರಜೆ’ ಅಂದರೆ ನಂಬಬೇಡಿ

ವಯಸ್ಸಾದ ಅಪ್ಪ ಅಮ್ಮನನ್ನೋ ಮಕ್ಕಳನ್ನೋ ಕರೆದುಕೊಂಡು ಒಂದೇ ದಿನಕ್ಕೆ ಮೈಸೂರಿಗೆ ಹೋಗಿ ಬರೋಣ ಅಂದುಕೊಂಡಿರುವವರು ದಯವಿಟ್ಟು ಇದನ್ನು ಓದಿ. ನಮಗಾದದ್ದು ನಿಮಗಾಗಬಾರದು.

ನಾನು, ಎಪ್ಪತ್ತಾರು ವರ್ಷದ ಅಪ್ಪ, ಮೂರನೇ ಕ್ಲಾಸಿನ ಮಗಳು, ಮೂವರೂ ಅರಸೀಕೆರೆಯಿಂದ ಬೆಳಗಿನ ರೈಲಿಗೆ ಹೊರಟಿದ್ದೆವು. ಅಪ್ಪ ಮೇಷ್ಟರಾಗಿದ್ದವರು. ಚಿಕ್ಕಂದಿನಲ್ಲಿ ಶಾಲೆಯ ಪ್ರವಾಸದಲ್ಲಿ ಝೂ ನೋಡಿದ್ದರು, ಆಮೇಲೆ ಹೋಗಲು ಆಗಿರಲೇ ಇಲ್ಲ. ರೈಲಿನುದ್ದಕ್ಕೂ ಮೊಮ್ಮಗಳಿಗೆ ಅದರದೇ ಕಥೆ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಹತ್ತು ಎಕರೆಯಲ್ಲಿ ಶುರು ಮಾಡಿಸಿದ್ದು, ಆಗ ಅದು ಅರಮನೆಯವರದೇ ಝೂ ಆಗಿದ್ದದ್ದು, ಜನರಿಗೆ ತೆರೆದದ್ದು 1902ರಲ್ಲಿ. ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನಿಯ ಕ್ರುಂಬಿಗಲ್ ಇಲ್ಲಿನ ಗಿಡ ಮರಗಳ ಏರ್ಪಾಡಿಗೂ ಕೈ ಹಾಕಿದ್ದರಂತೆ. ಅದಕ್ಕೇ ಅಪ್ಪ, ‘ಪ್ರಾಣಿ ಮಾತ್ರ ನೋಡಿ ಓಡಬಾರದು ಪುಟ್ಟಿ, ಮರಗಳನ್ನೂ ನೋಡ್ಬೇಕು’ ಅಂತ ಮತ್ತೆ ಮತ್ತೆ ಹೇಳುತ್ತಿದ್ದರು.

ಒಂಬತ್ತೂವರೆಗೆ ಸ್ಟೇಷನ್‌ನಿಂದ ಹೊರಗೆ ಬಂದೆವು. ಒಬ್ಬ ಆಟೋದವನು ತಾನಾಗಿಯೇ ಬಂದು ಅಪ್ಪನ ಕೈಯಲ್ಲಿದ್ದ ಚೀಲ ಇಸಕೊಂಡ. ‘ಬನ್ನಿ ಯಜಮಾನ್ರೇ, ಎಲ್ಲಿಗೆ?’ ಝೂಗೆ ಅಂದೆ. ಆಟೋ ನೂರು ಗಜ ಹೋಗುವಷ್ಟರಲ್ಲಿ ಶುರುವಾಯಿತು. ‘ಅಕ್ಕಾ, ಝೂ ಇವತ್ತು ಮಧ್ಯಾಹ್ನ ಎರಡು ಗಂಟೆವರೆಗೂ ತೆಗೆಯಲ್ಲ. ಮಂಗಳವಾರ ರಜೆ ಅಲ್ವಾ? ನಿನ್ನೆ ಸರ್ಕಾರಿ ರಜಾ ದಿನ ಅಂತ ತೆಗೆದಿದ್ರು. ಅದರ ಬದಲಿಗೆ ಇವತ್ತು ಅರ್ಧ ದಿನ ರಜೆ ಕೊಟ್ಟಿದ್ದಾರೆ.’

ಈ ಮಾತನ್ನು ಸ್ವಲ್ಪ ಗಮನವಿಟ್ಟು ನೋಡಿ. ಝೂಗೆ ಮಂಗಳವಾರ ರಜೆ ಅನ್ನುವುದು ನಿಜ. ಮಂಗಳವಾರ ಸರ್ಕಾರಿ ರಜೆ ಬಿದ್ದರೆ ತೆರೆದಿರುತ್ತದೆ ಅನ್ನುವುದೂ ನಿಜ. ಹಿಂದಿನ ದಿನ ಮಂಗಳವಾರ, ಅವತ್ತು ಸರ್ಕಾರಿ ರಜೆ ಇದ್ದದ್ದೂ ನಿಜ. ಈ ಮೂರು ನಿಜದ ಬಾಲಕ್ಕೆ ಅವನು ಕಟ್ಟಿದ್ದು ಒಂದೇ ಒಂದು ಸುಳ್ಳು. ಮನೆಯಲ್ಲೇ ಸಮಯ ನೋಡಿಕೊಂಡು ಬಂದಿದ್ದ ನಾನೂ ಅದಕ್ಕೇ ಬಿದ್ದೆ. ಫೋನ್ ಕೈಯಲ್ಲೇ ಇತ್ತು, ಒಂದು ಸಲ ವಿಚಾರಿಸಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

‘ಅಷ್ಟರಲ್ಲಿ ಸರ್ಕಾರಿ ಗಂಧದೆಣ್ಣೆ ಫ್ಯಾಕ್ಟರಿ ತೋರಿಸ್ತೀನಿ, ನೋಡೋಕೆ ದುಡ್ಡಿಲ್ಲ’ ಅಂದ. ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ನಿಜವಾಗಿಯೂ ಇದೆ, 1916ರದ್ದು. ಅವನು ನಿಲ್ಲಿಸಿದ್ದು ಅಲ್ಲಲ್ಲ, ಯಾವುದೋ ಗಲ್ಲಿಯ ಮನೆಯಂಥ ಅಂಗಡಿಯ ಮುಂದೆ. ಒಳಗೆ ಒಬ್ಬ ಹೆಂಗಸು ಹಲಗೆಯ ಮೇಲೆ ಊದುಬತ್ತಿ ಹೊಸೆಯುತ್ತಿದ್ದರು. ಒಬ್ಬ ಹುಡುಗ ಅಪ್ಪನ ಕೈ ಹಿಡಿದು ಕೂರಿಸಿ, ಮಣಿಕಟ್ಟಿನ ಒಳಭಾಗಕ್ಕೆ ಗಾಜಿನ ಕಡ್ಡಿಯಿಂದ ಒಂದು ಹನಿ ಇಟ್ಟು, ಹೆಬ್ಬೆರಳಲ್ಲಿ ಮೆಲ್ಲಗೆ ಉಜ್ಜಿದ. ‘ಮಂಡಿ ನೋವಿಗೆ ಇದಕ್ಕಿಂತ ಮದ್ದಿಲ್ಲ ಅಜ್ಜಾ.’ ಅಪ್ಪ ಕೈಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಆ ಮುಖ ನೋಡಿಯೇ ನಾನು ದುಡ್ಡು ತೆಗೆದೆ. ಹತ್ತು ಮಿಲಿಯ ಎರಡು ಶೀಸೆಗೆ ಒಂಬೈನೂರು ರೂಪಾಯಿ.

ಅಸಲಿ ಗಂಧದೆಣ್ಣೆ ಕೆ.ಜಿ.ಗೆ ಲಕ್ಷ ರೂಪಾಯಿಯ ಮೇಲೆ. ಅಂದರೆ ಹತ್ತು ಗ್ರಾಮಿಗೇ ಸಾವಿರ ದಾಟಬೇಕು. ಈ ಲೆಕ್ಕ ನನಗೆ ಹೊಳೆದದ್ದು ವಾಪಸ್ ರೈಲಿನಲ್ಲಿ. ಬಟ್ಟೆಗೆ ತಾಗಿದರೆ ದಿನಗಟ್ಟಲೆ ಉಳಿಯುವ ಪರಿಮಳ ಅದು. ಅಪ್ಪನ ಕೈಯಲ್ಲಿ ಸಂಜೆಯ ಹೊತ್ತಿಗೆ ಏನೂ ಇರಲಿಲ್ಲ.

ಆಮೇಲೆ ರೇಷ್ಮೆ ಸೀರೆ ಅಂಗಡಿ. ಅಲ್ಲಿ ನಾನು ಕೊಳ್ಳಲಿಲ್ಲ. ಸರ್ಕಾರಿ ರೇಷ್ಮೆ ಸಂಸ್ಥೆ ಕೆಎಸ್‌ಐಸಿಯ ಮೈಸೂರು ರೇಷ್ಮೆ ಸೀರೆಗೆ ಪ್ರತಿಯೊಂದಕ್ಕೂ ಅದರದೇ ಕೋಡ್ ನಂಬರ್, ಹಾಲೊಗ್ರಾಂ ಇರುತ್ತದೆ ಅನ್ನುವುದು ಗೊತ್ತಿತ್ತು, ತೋರಿಸಿ ಅಂದೆ, ಮಾತು ಬದಲಾಯಿಸಿದರು. ಆದರೂ ಒಂದರ ಮೇಲೊಂದು ಸೀರೆ ಬಿಚ್ಚಿ ಹಾಕುತ್ತಾ ಮುಕ್ಕಾಲು ಗಂಟೆ ಕೂರಿಸಿಕೊಂಡರು. ಊಟಕ್ಕೂ ಅವನು ಹೇಳಿದ ಹೋಟೆಲೇ.

ಝೂ ಬಾಗಿಲಿಗೆ ಬಂದಾಗ ಎರಡೂ ಮುಕ್ಕಾಲು. ಟಿಕೆಟ್ ತಗೊಂಡು ಒಳಗೆ ಹೋಗುವಾಗ ಗೇಟಿನಲ್ಲಿದ್ದವರನ್ನು ಕೇಳಿದೆ, ‘ಎರಡು ಗಂಟೆಗೆ ತೆಗೆದ್ರಾ?’ ಅವರಿಗೆ ಅರ್ಥವೇ ಆಗಲಿಲ್ಲ. ‘ಇಲ್ವಲ್ಲ ಮೇಡಂ, ಎಂದಿನಂತೆ ಬೆಳಿಗ್ಗೆ ಎಂಟೂವರೆಗೇ ತೆಗೆದಿದ್ದೀವಿ.’ ಅಪ್ಪ ಕೇಳಿಸಿಕೊಂಡರು. ಏನೂ ಮಾತಾಡಲಿಲ್ಲ.

ಹತ್ತು ಎಕರೆಯಲ್ಲಿ ಶುರುವಾದ ಜಾಗ ಈಗ ಎಷ್ಟೋ ಪಾಲು ದೊಡ್ಡದು. ನೋಡಿಕೊಂಡು ಸುತ್ತಿ ಬರಲು ಗಟ್ಟಿಮುಟ್ಟಾದವರಿಗೇ ಮೂರು ಗಂಟೆ ಬೇಕು. ನಡೆಯಲಾರದವರಿಗೆ ಬ್ಯಾಟರಿ ಗಾಡಿ ಇದೆ, ಆದರೆ ನಾವು ಹೋದ ಹೊತ್ತಿಗೆ ಅದರ ಸಾಲು ನೋಡಿದರೆ ನಡೆಯುವುದೇ ಮೇಲು ಅನ್ನಿಸಿತು. ಜಿರಾಫೆ ಸಿಕ್ಕಿತು. ಬಾಗಿದ ಕೊಂಬೆಯ ಎಲೆಗಳನ್ನು ಉದ್ದನೆಯ ಕಪ್ಪು ನಾಲಿಗೆಯಲ್ಲಿ ಸುತ್ತಿ ಎಳೆಯುತ್ತಿತ್ತು, ಮಗಳು ಕಂಬಿ ಬಿಟ್ಟು ಬರಲೊಲ್ಲಳು. ಅಪ್ಪನೂ ಅವಳ ಪಕ್ಕದಲ್ಲೇ ನಿಂತರು. ಬನ್ನಿ ಬನ್ನಿ ಅಂತ ಇಬ್ಬರನ್ನೂ ಎಳೆದವಳು ನಾನು, ಆರು ಗಂಟೆಯ ರೈಲಿತ್ತು. ಹುಲಿಯ ಮುಂದೆ ಬರುವಷ್ಟರಲ್ಲಿ ಅದು ಒಳಗೆ ಹೋಗಿಬಿಟ್ಟಿತ್ತು. ಆನೆಗಳವರೆಗೆ ಹೋಗಲು ಅಪ್ಪನ ಮಂಡಿ ಬಿಡಲಿಲ್ಲ. ಒಂದು ದೊಡ್ಡ ಮರದ ಕಟ್ಟೆಯ ಮೇಲೆ ಕೂತು, ‘ನೀವಿಬ್ಬರೂ ನೋಡಿ ಬನ್ನಿ, ನಾನು ಮರ ನೋಡ್ತಿರ್ತೀನಿ’ ಅಂದರು. ಪಕ್ಕದ ಕಾರಂಜಿ ಕೆರೆ, ಅಲ್ಲಿನ ಚಿಟ್ಟೆ ಪಾರ್ಕು, ಹಕ್ಕಿಗಳ ನಡುವೆಯೇ ಓಡಾಡುವ ಜಾಗ, ಎಲ್ಲವೂ ಉಳಿದೇಹೋಯಿತು.

ಮೈಸೂರಿನ ಆಟೋದವರೆಲ್ಲ ಹೀಗೆ ಅಂತ ನಾನು ಹೇಳುತ್ತಿಲ್ಲ. ಸಂಜೆ ಸ್ಟೇಷನ್‌ಗೆ ಬಿಟ್ಟವರು ಮೀಟರ್ ಹಾಕಿ, ಚಿಲ್ಲರೆ ಎಣಿಸಿ ಕೊಟ್ಟು, ಅಪ್ಪನನ್ನು ಕೈ ಹಿಡಿದು ಇಳಿಸಿದರು. ಬೆಳಗಿನವನ ಗಾಡಿಯ ನಂಬರ್ ಮಾತ್ರ ನಾನು ಬರೆದಿಟ್ಟುಕೊಳ್ಳಲಿಲ್ಲ, ಹಾಗಾಗಿ ದೂರು ಕೊಡಲೂ ದಾರಿಯಿಲ್ಲ. ನೀವು ಹತ್ತುವ ಮೊದಲೇ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ. ರಜೆ ಅಂದರೂ ‘ಇರಲಿ, ಗೇಟಿನ ಹತ್ತಿರವೇ ಬಿಡಿ’ ಅನ್ನಿ. ಒಪ್ಪದಿದ್ದರೆ ಅಲ್ಲೇ ಇಳಿದುಬಿಡಿ. ಸ್ಟೇಷನ್‌ನಿಂದ ಝೂ ನಾಲ್ಕು ಕಿಲೋಮೀಟರ್ ಕೂಡ ಇಲ್ಲ, ಬೇರೆ ಆಟೋ ಸಿಗುತ್ತದೆ, ಬಸ್ಸೂ ಇದೆ.

ರೈಲಿನಲ್ಲಿ ಮಗಳು ಕೇಳಿದಳು, ‘ತಾತ, ನೀನು ಚಿಕ್ಕವನಿದ್ದಾಗ ಆನೆ ನೋಡಿದ್ಯಾ?’

‘ನೋಡಿದ್ದೆ ಪುಟ್ಟಿ’ ಅಂದರು ಅಪ್ಪ. ಆಮೇಲೆ ಅರಸೀಕೆರೆಯವರೆಗೂ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು.