ಬ್ರಾಯ್ಲರ್ ಆಹಾರಕ್ಕೆ ಹಾವೇರಿ ಗೋವಿನಜೋಳ: 5ಕ್ಕೆ 4 ಅಂಕ, ಕಳೆದ 1 ತೇವಕ್ಕೆ

ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಕಡೆಯ ಹಳದಿ ಗೋವಿನಜೋಳವನ್ನು ಸ್ವಂತ ಮಿಕ್ಸಿಂಗ್‌ಗೆ ವರ್ಷಗಟ್ಟಲೆ ಬಳಸಿದ ಮೇಲಿನ ಮಾತಿದು. ಕಾಳಿನ ಗುಣದ ಬಗ್ಗೆ ತಕರಾರಿಲ್ಲ. ತಕರಾರೇನಿದ್ದರೂ ಒಣಗಿಸುವುದರದ್ದು.

ಮೊದಲು ಕಾಳಿನ ಲೆಕ್ಕ. ಚೆನ್ನಾಗಿ ಒಣಗಿದ ಗೋವಿನಜೋಳದಲ್ಲಿ ಕಿಲೋಗೆ ಸುಮಾರು 3,350 ಕಿಲೋಕ್ಯಾಲರಿ ಶಕ್ತಿ, ಶೇ 9ರ ಆಸುಪಾಸು ಪ್ರೋಟೀನ್ ಇರುತ್ತದೆ. ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೊ) ಕೋಳಿ ಆಹಾರದ ಮಾನದಂಡ ಐಎಸ್ 1374 (2007) ಫಿನಿಶರ್‌ಗೆ, ಅಂದರೆ ಮಾರುವ ಮುಂಚಿನ ಕೊನೆ ಹಂತದ ಆಹಾರಕ್ಕೆ, ಕೇಳುವುದು ಕಿಲೋಗೆ 3,200 ಕಿಲೋಕ್ಯಾಲರಿ, ಶೇ 20 ಪ್ರೋಟೀನ್. 100 ಕೆಜಿ ಮಿಕ್ಸಿನಲ್ಲಿ 60 ಕೆಜಿ ಗೋವಿನಜೋಳ ಹಾಕಿದರೆ ಶಕ್ತಿಯಲ್ಲಿ ಶೇ 63ರಷ್ಟು ಅದರಿಂದಲೇ ಬಂತು. ಪ್ರೋಟೀನ್ ಮಾತ್ರ 5.4 ಕೆಜಿ, ಬೇಕಾದದ್ದರ ಕಾಲು ಭಾಗ. ಅದರಲ್ಲೂ ಮಾಂಸ ಕಟ್ಟಲು ಬೇಕಾದ ಅಮೈನೋ ಆಮ್ಲ ಲೈಸಿನ್ ಕಾಳಿನ ತೂಕದ ಶೇ 0.25ರ ಆಸುಪಾಸು ಮಾತ್ರ. ಹಾಗಾಗಿ ಸೋಯಾ ಹಿಂಡಿ ಕಡಿಮೆ ಮಾಡಿ ಗೋವಿನಜೋಳ ಏರಿಸುವ ಉಳಿತಾಯ ಉಳಿತಾಯವಲ್ಲ. ಕೋಳಿ ತಿನ್ನುತ್ತದೆ, ಎದೆಮಾಂಸ ಕಟ್ಟುವುದಿಲ್ಲ, ಹೊಟ್ಟೆಯಲ್ಲಿ ಕೊಬ್ಬು ಕೂಡುತ್ತದೆ. ಕಾಳಿನ ರಂಜಕದಲ್ಲಿ ಮೂರರಲ್ಲಿ ಎರಡು ಪಾಲು ಫೈಟೇಟ್ ರೂಪದ್ದು, ಕೋಳಿಗೆ ಅಷ್ಟಾಗಿ ಜೀರ್ಣವಾಗದು. ಫೈಟೇಸ್ ಕಿಣ್ವ ಹಾಕದಿದ್ದರೆ ಅದು ಹಿಕ್ಕೆಯಲ್ಲೇ ಹೋಗುತ್ತದೆ.

ಈಗ ಆ ಕಳೆದ ಅಂಕ. ಅಕ್ಟೋಬರ್–ನವೆಂಬರ್‌ನಲ್ಲಿ ರಾಶಿ ಆಗುವಾಗ ಕಾಳಿನಲ್ಲಿ ಶೇ 20ರ ಮೇಲೆ ತೇವ ಇರುವುದು ಸಾಮಾನ್ಯ. ಅದೇ ಹೊತ್ತಿಗೆ ಹಿಂಗಾರು ಮಳೆ. ರಸ್ತೆ ಮೇಲೆ ಹರವಿದ್ದನ್ನು ಅರ್ಧ ಒಣಗಿದಾಗಲೇ ತಾಡಪತ್ರಿ ಮುಚ್ಚಿ ಮಾರುಕಟ್ಟೆಗೆ ಏರಿಸುತ್ತಾರೆ. ಶೇ 17 ತೇವದ ಕ್ವಿಂಟಲ್ ಶೇ 11ಕ್ಕೆ ಇಳಿದಾಗ ಉಳಿಯುವುದು 93.3 ಕೆಜಿ. ಮಿಕ್ಕ 6.7 ಕೆಜಿ ನೀರಿಗೆ ಕಾಳಿನ ರೇಟು ಕೊಟ್ಟಂತಾಯಿತು. ಇನ್ನು ಶೇ 14ರದ್ದನ್ನು ಹಾಗೆಯೇ ಮಿಕ್ಸ್ ಮಾಡಿದರೆ, ಶೇ 11ರದ್ದಕ್ಕೆ ಹೋಲಿಸಿ, ಆಹಾರದಲ್ಲಿ ಕಿಲೋಗೆ 65–70 ಕಿಲೋಕ್ಯಾಲರಿ ಖೋತಾ. ಅದನ್ನು ತುಂಬಲು 100 ಕೆಜಿಗೆ ಮುಕ್ಕಾಲು ಕಿಲೋ ಎಣ್ಣೆ ಬೇಕು.

ತೇವ ಅಳೆಯುವ ಮೀಟರ್ ಕೈಲಿಲ್ಲದಾಗ ಉಪ್ಪಿನ ಪರೀಕ್ಷೆ ನಡೆಯುತ್ತದೆ. ಒಣ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಒಂದೆರಡು ಚಮಚ ಹುರಿದ ಪುಡಿ ಉಪ್ಪು ಹಾಕಿ ಒಂದೆರಡು ನಿಮಿಷ ಕುಲುಕಿ, ಹದಿನೈದು ನಿಮಿಷ ಇಡಿ. ಉಪ್ಪು ಗಾಜಿಗೆ ಮೆತ್ತಿದರೆ ತೇವ ಶೇ 15ರ ಮೇಲಿದೆ. ಮೆತ್ತದಿದ್ದರೆ 15ಕ್ಕಿಂತ ಕಡಿಮೆ ಅಂತಷ್ಟೇ ಅರ್ಥ. ದಾಸ್ತಾನಿಗೆ 12ರ ಒಳಗೆ ಬೇಕಲ್ಲ, ಅದಕ್ಕೆ ಮೀಟರೇ ಗತಿ. ಚೀಲದ ಬಾಯಿ ಬಿಚ್ಚಿ ಮೊಳಕೈವರೆಗೆ ಕೈ ಇಳಿಸಿ, ಒಳಗೆ ಬೆಚ್ಚಗಿದ್ದರೆ ಆ ಲಾಟ್ ಬೇಡವೇ ಬೇಡ. ಜೊತೆಗೆ ಒಂದು ಲೀಟರ್ ಅಳತೆ ತುಂಬಿ ತೂಗಿ: 700–720 ಗ್ರಾಂ ಬಂದರೆ ಕಾಳು ಗಟ್ಟಿ, 650ಕ್ಕಿಂತ ಕೆಳಗೆ ಬಂದರೆ ಜೊಳ್ಳು.

ಬೂಷ್ಟು ಹಿಡಿದ ಕಾಳಿನಲ್ಲಿನ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಕೋಳಿಯನ್ನು ಒಮ್ಮೆಗೇ ಕೊಲ್ಲದಿರಬಹುದು. ಯಕೃತ್ತು ಹಳದಿಗಟ್ಟಿ ಊದುತ್ತದೆ, ತೂಕ ನಿಲ್ಲುತ್ತದೆ, ಗಂಬೋರೊ ರೋಗದ ಲಸಿಕೆ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ದೂರು ಲಸಿಕೆಯ ಮೇಲೆ! ವಿಷವನ್ನು ಹಿಡಿದಿಟ್ಟುಕೊಳ್ಳುವ ಬೆಂಟೊನೈಟ್ ಮಣ್ಣಿನ ಬೈಂಡರ್ ಅಫ್ಲಾಟಾಕ್ಸಿನ್‌ಗೆ ಸರಿ, ಬೂಷ್ಟಿನದೇ ಇನ್ನೊಂದು ವಿಷ ಟಿ-2ಕ್ಕೆ ಅದು ಅಷ್ಟಕ್ಕಷ್ಟೆ.

ಬದಲಿ ಕಾಳುಗಳಲ್ಲಿ ಜೋಳಕ್ಕೆ 3.5. ಗದಗ, ರೋಣ, ನವಲಗುಂದದ ಮಾಲ್ದಂಡಿ ಜೋಳ ರೊಟ್ಟಿಗೇ ಇರಲಿ, ಆ ರೇಟಿಗೆ ಕೋಳಿ ಸಾಕಲಾಗದು. ಕೈಗೆಟುಕುವುದು ಮುಂಗಾರಿನ ಹೈಬ್ರಿಡ್ ಜೋಳ. ಅದರಲ್ಲಿ ಮಳೆಗೆ ಸಿಕ್ಕು ಕಪ್ಪಾದ ಕಾಳು ಎಷ್ಟಿದೆ ನೋಡಿಯೇ ಕೊಳ್ಳಿ. 60ರಲ್ಲಿ 20 ಕೆಜಿ ಗೋವಿನಜೋಳದ ಜಾಗಕ್ಕೆ ಜೋಳ ಹಾಕಿದಾಗ ಸುಮಾರು 350 ಗ್ರಾಂ ಎಣ್ಣೆ ಸೇರಿಸಿದರೆ ಶಕ್ತಿ ಸರಿದೂಗುತ್ತದೆ. ಜೋಳವನ್ನು 20 ಕೆಜಿಗೂ ಮೀರಿ ಹಾಕಿದರೆ ಹಳದಿ ಬಣ್ಣದ ಅಂಶ ಕಮ್ಮಿಯಾಗಿ ಕೋಳಿಯ ಕಾಲು ಬಿಳಚುತ್ತವೆ. ಮಾಂಸಕ್ಕೆ ಏನೂ ಆಗಿರುವುದಿಲ್ಲ, ಆದರೆ ಕಾಲು ನೋಡಿ ರೇಟು ಕಟ್ಟುವ ವ್ಯಾಪಾರಿಗೆ ಅದನ್ನು ಹೇಳಿ ಫಲವಿಲ್ಲ. ಒಗರಿನ ಕೆಂಪು ಜೋಳ ಮರಿಗಳಿಗೆ ಬೇಡ, ಟ್ಯಾನಿನ್ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸಜ್ಜೆಗೆ 3. ಪ್ರೋಟೀನ್ ಶೇ 11–12, ಗೋವಿನಜೋಳಕ್ಕಿಂತ ಮೇಲು. ಆದರೆ ಜಿಡ್ಡು ಹೆಚ್ಚು, ಬೀಸಿದ ವಾರದೊಳಗೆ ಕಮಟು ವಾಸನೆ ಬರುತ್ತದೆ. ಬೇಕಾದಷ್ಟೇ ಬೀಸಿ. ಅಕ್ಕಿ ನುಚ್ಚು ಸಲೀಸಾಗಿ ಜೀರ್ಣವಾಗುತ್ತದೆ, ಸ್ಟಾರ್ಟರ್‌ಗೆ (ಮರಿಗಳ ಆಹಾರಕ್ಕೆ) ಒಳ್ಳೆಯದು. ತೌಡು ಬೆರೆಸಿ ಮಾರುವವರಿದ್ದಾರೆ, ಜರಡಿ ಹಿಡಿದು ನೋಡಿ. ಗೋಧಿ ಹಾಕುವುದಾದರೆ ಜೈಲನೇಸ್ ಕಿಣ್ವ ಜೊತೆಗಿರಲಿ, ಇಲ್ಲವಾದರೆ ಹಿಕ್ಕೆ ಜಿಗುಟಾಗಿ ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು ಎಲ್ಲ ಒದ್ದೆ.

ಕಾಳು ಎಷ್ಟೇ ಚೆನ್ನಾಗಿದ್ದರೂ ಗಿರಣಿಯಲ್ಲಿ ಕೆಡಬಹುದು. ಮರಿಗಳಿಗೆ 3 ಮಿ.ಮೀ. ಜರಡಿ, ಫಿನಿಶರ್‌ಗೆ 4–5. ಹಿಟ್ಟಿನ ಹಾಗೆ ನುಣ್ಣಗಾದರೆ ಕೊಕ್ಕಿಗೆ ಅಂಟುತ್ತದೆ, ನೀರಿನ ಬಟ್ಟಲಿನ ತಳದಲ್ಲಿ ರಾಡಿ ಕಟ್ಟುತ್ತದೆ. ದಪ್ಪಗಾದರೆ ಕೋಳಿ ಹಳದಿ ತುಣುಕು ಆರಿಸಿ ತಿಂದು ಸೋಯಾ, ಖನಿಜದ ಪುಡಿ ಬಿಡುತ್ತದೆ. ಜರಡಿ ಬದಲಿಸದೆಯೂ ಹಿಟ್ಟು ಹೆಚ್ಚಾಗಿ ಬಿಸಿಯಾಗಿ ಬೀಳುತ್ತಿದ್ದರೆ ಗಿರಣಿಯೊಳಗೆ ಕಾಳು ಬಡಿಯುವ ಸುತ್ತಿಗೆಗಳ ಮೂಲೆ ಸವೆದಿವೆ. ತಿರುಗಿಸಿ ಹಾಕಿ; ನಾಲ್ಕೂ ಮೂಲೆ ಸವೆದಿದ್ದರೆ ಇಡೀ ಸೆಟ್ ಒಟ್ಟಿಗೇ ಬದಲಿಸಿ, ಒಂದೆರಡು ಮಾತ್ರ ಹೊಸದಾದರೆ ತೂಕ ತಪ್ಪಿ ಮಷಿನ್ ಅದುರುತ್ತದೆ.