ಹಮ್ ಬಂತೆಂದು ಟ್ಯೂಬ್ ಕೊಳ್ಳಲು ಓಡಬೇಡಿ

ಒಂದು ಟ್ಯೂಬ್ (ಹಳೆ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್) ಹೆಡ್‌ಫೋನ್ ಆಂಪ್ಲಿಫೈಯರ್ ಹಾಳಾದದ್ದು ಹೀಗೆ. ಗುಂಯ್ ಎಂಬ ಹಮ್ ಶುರುವಾಯಿತು. ಟ್ಯೂಬ್ ಹೋಗಿದೆ ಎಂದುಕೊಂಡು ಅದರಲ್ಲಿದ್ದ ಇಸಿಸಿ88 ಎಂಬ ಮಾದರಿಯ ಜೋಡಿ ತೆಗೆದು, ಅಗ್ಗಕ್ಕೆ ಸಿಕ್ಕ ರಷ್ಯದ 6ಎನ್1ಪಿ ಜೋಡಿ ಹಾಕಿದ್ದಾಯಿತು. ಸಾಕೆಟ್ಟಿನಲ್ಲಿ ಸರಿಯಾಗಿ ಕೂತವು, ಹಾಡೂ ಬಂತು. ಹಮ್ ಮಾತ್ರ ಹೋಗಲಿಲ್ಲ. ಕೆಲವೇ ದಿನಗಳಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿತು.

ಇಸಿಸಿ88ರ ಹೀಟರ್ (ಟ್ಯೂಬನ್ನು ಒಳಗಿನಿಂದ ಕಾಯಿಸುವ ತಂತಿ) ಎಳೆಯುವುದು 365 ಮಿಲಿ ಆಂಪಿಯರ್, 6ಎನ್1ಪಿಯದ್ದು 600. ಎರಡು ಟ್ಯೂಬಿಗೆ 0.73 ಆಂಪಿಯರ್ ಇದ್ದದ್ದು 1.2ಕ್ಕೆ ಏರಿತು. ಅಷ್ಟು ಹೊರುವ ಶಕ್ತಿ ಟ್ರಾನ್ಸ್‌ಫಾರ್ಮರಿನಲ್ಲಿ ಹೀಟರಿಗೆ ಕರೆಂಟ್ ಕೊಡುವ ಸುರುಳಿಗೆ ಇರಲಿಲ್ಲ. ಹಮ್ ಬರುತ್ತಿದ್ದದ್ದು, ಹಾಡು ನುಡಿಸುತ್ತಿದ್ದ ಲ್ಯಾಪ್‌ಟಾಪಿನ ಮೂರು ಪಿನ್ ಚಾರ್ಜರ್ ಮೂಲಕ ಆದ ಗ್ರೌಂಡ್ ಲೂಪ್‌ನಿಂದ, ಅಂದರೆ ಎರಡು ಉಪಕರಣಗಳ ಅರ್ಥ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತಿನಿಂದ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಮೊದಲು ವಾಲ್ಯೂಮ್ ಸೊನ್ನೆಗೆ ಇಳಿಸಿ ಕೇಳಿ. ಹಮ್ ನಿಂತರೆ ತೊಂದರೆ ಕೇಬಲ್ ಅಥವಾ ಮೂಲ ಉಪಕರಣದ ಕಡೆ. ನಿಲ್ಲದಿದ್ದರೆ ಹೆಚ್ಚಾಗಿ ಆಂಪ್ಲಿಫೈಯರ್ ಒಳಗೇ. ಕೇಬಲ್ ಕಿತ್ತು ಪರೀಕ್ಷಿಸುವಾಗ ಇನ್‌ಪುಟ್ ಖಾಲಿ ಬಿಡಬೇಡಿ, ಅದೇ ಆಂಟೆನಾದಂತೆ ಹಮ್ ಹಿಡಿಯುತ್ತದೆ. ನಡುವಿನ ಪಿನ್ನನ್ನು ಹೊರಬಳೆಗೆ ಬೆಸುಗೆ ಹಾಕಿದ ಆರ್‌ಸಿಎ ಪ್ಲಗ್ (ಆಡಿಯೋ ಕೇಬಲಿನ ತುದಿಯ ದುಂಡು ಪ್ಲಗ್) ಸಿಕ್ಕಿಸಿ.

ಒಳಗಿನದ್ದೇ ಆದರೆ, ಆಫ್ ಮಾಡಿ, ಆರಿದ ಮೇಲೆ ಎಡಬಲದ ಟ್ಯೂಬ್ ಅದಲುಬದಲು ಮಾಡಿ. ಹಮ್ ಟ್ಯೂಬಿನ ಜೊತೆ ಆ ಕಡೆಗೆ ಹೋದರೆ ಮಾತ್ರ ತಪ್ಪು ಟ್ಯೂಬಿನದು. ಎರಡೂ ಕಿವಿಯಲ್ಲಿ ಒಂದೇ ಸಮ ಇದ್ದರೆ ಪವರ್ ಸಪ್ಲೈ ನೋಡಿ. ಫೋನಿನ ಟೋನ್ ಜನರೇಟರಿನಲ್ಲಿ 50 ಮತ್ತು 100 ಹರ್ಟ್ಸ್ ನುಡಿಸಿ ಹೋಲಿಸಿ: 100 ಆದರೆ ಫಿಲ್ಟರ್ ಕೆಪಾಸಿಟರ್ (ಪವರ್ ಸಪ್ಲೈಯ ಏರಿಳಿತ ಸಮ ಮಾಡುವ ಭಾಗ) ಸೊರಗಿರುವ ಸಂಭವ ಹೆಚ್ಚು, 50 ಆದರೆ ಹೀಟರ್ ವೈರಿಂಗ್ ಅಥವಾ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ.

ಹಮ್ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಒಳಗೆ ನೂರಾರು ವೋಲ್ಟ್ ಇರಬಹುದು. ಒಂದು ತಂತಿ ಚಾಸಿಗೆ (ಹೊರಗಿನ ಲೋಹದ ಪೆಟ್ಟಿಗೆಗೆ) ತಾಗಿದರೆ ಅದು ನಿಮ್ಮ ಕೈಗೇ ಬರುತ್ತದೆ. ಚಾಸಿ ಮುಟ್ಟಿದಾಗ ಹಮ್ ಕಡಿಮೆಯಾದರೆ ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೂರನೆಯ ತೂತು ಬರೀ ಹೆಸರಿಗೆ. ಲೂಪ್ ಆದರೆ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ, ಇಲ್ಲವೇ ಡ್ಯಾಕ್‌ಗೆ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಮಾಡುವ ಪೆಟ್ಟಿಗೆಗೆ) ಬೆಳಕಿನಲ್ಲಿ ಸಿಗ್ನಲ್ ಸಾಗಿಸುವ ಆಪ್ಟಿಕಲ್ ಕೇಬಲ್ ಬಳಸಿ.

ಟ್ಯೂಬ್ ಬೇಕೇ ಬೇಕಾದರೆ ಸಾಕೆಟ್ ಹೊಂದಿದರೆ ಸಾಲದು, ಡೇಟಾಶೀಟಿನಲ್ಲಿ (ತಯಾರಕರ ವಿವರಪಟ್ಟಿಯಲ್ಲಿ) ಪಿನ್ನುಗಳನ್ನೂ ಹೀಟರ್ ಕರೆಂಟನ್ನೂ ಹೋಲಿಸಿ. ಇಸಿಸಿ88 ಜಾಗಕ್ಕೆ 6922 ಅಥವಾ 6ಎನ್23ಪಿ ಸರಿ, ಎರಡೂ ಸುಮಾರು 300 ಮಿಲಿ ಆಂಪಿಯರ್. ಬೆಂಗಳೂರಿನ ಬಿಇಎಲ್ ತಯಾರಿಸಿದ ಇಸಿಸಿ83 ಹಳೆ ರೇಡಿಯೋ ಅಂಗಡಿಯಲ್ಲಿ ಸಿಕ್ಕರೆ ಆಸೆಯಾಗುತ್ತದೆ. ಆದರೆ ಅದರ 4-5ನೇ ಪಿನ್‌ಗಳ ನಡುವೆ 12.6 ವೋಲ್ಟ್ ಬೇಕು, ಈ ಸಾಕೆಟ್ಟಿನಲ್ಲಿ ಇರುವುದು 6.3. ಮಾರುವವರು ಹೊಸ ಡಬ್ಬಿ ತೋರಿಸಿದರೆ ಡಬ್ಬಿ ಬಿಟ್ಟು ಗಾಜು ನೋಡಿ. ಒಳಗಿನ ಬೆಳ್ಳಿಯಂಥ ಲೇಪ ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಹೊಕ್ಕಿದೆ, ಆ ಟ್ಯೂಬ್ ಸತ್ತಿದೆ.